ಎರಡನೇ ಸಲ ಹಾಡುವವರಿಗಾಗಿ: ಕೋಲ್ರಿಜ್-ಟೇಲರ್ ಅವರ ಮರೆತ ಕಾಂಟಾಟಾ ಒಂದರ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಒಂದು ಮಧ್ಯಮ ಗಾತ್ರದ ಪಟ್ಟಣದ ಹವ್ಯಾಸಿ ಕಾಯರ್ (ವೃಂದಗಾನ ತಂಡ) ಒಂದರ ಕಥೆ ಇದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇವೆ; ಗುರುತು ಹತ್ತದಿರಲೆಂದು ಕೆಲವು ಸಣ್ಣಪುಟ್ಟ ವಿವರ, ಸಂಖ್ಯೆಗಳನ್ನು ಬದಲಿಸಿದ್ದೇವೆ. ಹಾಡಿದ್ದು ಒಂದು ಕಾಂಟಾಟಾ, ಅಂದರೆ ಕಾಯರ್ ಮತ್ತು ವಾದ್ಯಗಳಿಗೆಂದು ಬರೆದ ದೊಡ್ಡ ಕೃತಿ; ಅದರ ಹೆಸರನ್ನೂ ಹೇಳುತ್ತಿಲ್ಲ. ಅದನ್ನು ಇತ್ತೀಚೆಗೆ ಹಾಡಿದವರು ಎಷ್ಟು ಕಡಿಮೆಯೆಂದರೆ, ಕೃತಿ ಯಾವುದೆಂದು ಹೇಳಿದರೆ ತಂಡ ಯಾವುದೆಂದೂ ಹೇಳಿದಂತಾಗುತ್ತದೆ.

ಹಿನ್ನೆಲೆ

ಸ್ಯಾಮ್ಯುಯೆಲ್ ಕೋಲ್ರಿಜ್-ಟೇಲರ್ (1875–1912) ಲಂಡನ್ನಿನಲ್ಲಿ ಹುಟ್ಟಿ ಕ್ರಾಯ್ಡನ್‌ನಲ್ಲಿ ಬೆಳೆದವರು. ತಂದೆ ಸಿಯೆರಾ ಲಿಯೋನ್‌ನಿಂದ ವೈದ್ಯಕೀಯ ಓದಲು ಬಂದವರು, ತಾಯಿ ಇಂಗ್ಲಿಷ್ ಹೆಂಗಸು. 1890ರಲ್ಲಿ ಪಿಟೀಲು ಕಲಿಯಲೆಂದು ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದ ಹುಡುಗ ಆಮೇಲೆ ಚಾರ್ಲ್ಸ್ ಸ್ಟ್ಯಾನ್‌ಫರ್ಡ್ ಅವರಲ್ಲಿ ಸಂಗೀತ ರಚನೆ ಕಲಿತ. 1898ರ ನವೆಂಬರ್ 11ರಂದು ಅದೇ ಕಾಲೇಜಿನಲ್ಲಿ, ಅದೇ ಗುರುವಿನ ನಿರ್ದೇಶನದಲ್ಲಿ 'ಹಯಾವಾಥಾಸ್ ವೆಡ್ಡಿಂಗ್ ಫೀಸ್ಟ್' ಮೊದಲ ಸಲ ಕೇಳಿಸಿತು. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳ ಕಾಯರ್‌ಗಳೆಲ್ಲ ಅದನ್ನು ಹಾಡತೊಡಗಿದವು. ಅಮೆರಿಕದ ವಾಷಿಂಗ್ಟನ್‌ನಲ್ಲಿ ಕಪ್ಪು ಗಾಯಕರು 1901ರಲ್ಲೇ ಅವರ ಹೆಸರಿನಲ್ಲೊಂದು ಕಾಯರ್ ಕಟ್ಟಿದರು. ಆದರೆ ಆ ಕೃತಿಯ ಹಕ್ಕನ್ನು ಕೋಲ್ರಿಜ್-ಟೇಲರ್ 15 ಗಿನಿಗೆ (ಬ್ರಿಟನ್ನಿನ ಹಳೆಯ ಹಣದ ಲೆಕ್ಕ) ಪೂರ್ತಿ ಮಾರಿಬಿಟ್ಟಿದ್ದರು. 37ನೇ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಮನೆಯವರಿಗೆ ಉಳಿದದ್ದು ಅಷ್ಟಕ್ಕಷ್ಟೇ. ಸಂಗೀತಗಾರರಿಗೆ ರಾಯಧನ ವಸೂಲಿ ಮಾಡಿಕೊಡುವ ಪರ್ಫಾರ್ಮಿಂಗ್ ರೈಟ್ ಸೊಸೈಟಿ 1914ರಲ್ಲಿ ಹುಟ್ಟಿಕೊಂಡ ಹಿನ್ನೆಲೆಯಲ್ಲಿ ಈ ಪ್ರಸಂಗವನ್ನು ಇಂದಿಗೂ ನೆನೆಯುತ್ತಾರೆ.

ಒಂದು ಕೃತಿ ಅಷ್ಟು ದೊಡ್ಡದಾಗಿ ಬೆಳೆದದ್ದೇ ಉಳಿದವಕ್ಕೆ ಮುಳುವಾಯಿತು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ 1924ರಿಂದ 1939ರವರೆಗೆ ಹಯಾವಾಥಾ ಕಥೆಯ ಮೂರು ಭಾಗಗಳನ್ನು ('ವೆಡ್ಡಿಂಗ್ ಫೀಸ್ಟ್' ಅದರ ಮೊದಲನೆಯದು) ವೇಷ ಕಟ್ಟಿ, ಪರದೆ ಇಳಿಬಿಟ್ಟು ಆಡುವುದು ಜಾತ್ರೆಯಂತೆ ನಡೆಯಿತು. ಅದೇ ಹೊತ್ತಿಗೆ 'ಮೆಗ್ ಬ್ಲೇನ್' (ಶೆಫೀಲ್ಡ್ ಉತ್ಸವ, 1902), 'ದಿ ಅಟೋನ್‌ಮೆಂಟ್' (ಹೆರೆಫರ್ಡ್, 1903), 'ಕುಬ್ಲಾ ಖಾನ್', 'ಎ ಟೇಲ್ ಆಫ್ ಓಲ್ಡ್ ಜಪಾನ್' (1911) ಕಪಾಟು ಸೇರುತ್ತ ಬಂದವು. ಇದಕ್ಕೆಲ್ಲ ಬಣ್ಣವೊಂದೇ ಕಾರಣ ಎನ್ನುವುದು ಅರ್ಧ ಸತ್ಯ. ಊರೂರಿನ ಸಂಗೀತೋತ್ಸವಗಳಿಗೆಂದು ಬರೆದ ಕಾಂಟಾಟಾ ಎಂಬ ಪ್ರಕಾರವೇ ಮೊದಲ ಮಹಾಯುದ್ಧದ ನಂತರ ಸೊರಗಿತು. ಬಿಳಿಯ ಸಂಗೀತಗಾರರು ಬರೆದವೂ ಮೂಲೆ ಸೇರಿದವು. ಆದರೆ ಅವರಲ್ಲಿ ಹಲವರ ಹೆಸರನ್ನು ಚರ್ಚ್ ಸಂಗೀತ, ವಿಶ್ವವಿದ್ಯಾಲಯದ ಹುದ್ದೆ, ಶಿಷ್ಯರ ಬಳಗ ಹಿಡಿದು ನಿಲ್ಲಿಸಿದವು. ಕೋಲ್ರಿಜ್-ಟೇಲರ್‌ಗೆ ಅಂಥ ಆಸರೆ ಇರಲಿಲ್ಲ. ಅವರ 'ಥೆಲ್ಮಾ' ಆಪೆರಾ ಕಳೆದೇ ಹೋಯಿತೆಂದು ಎಲ್ಲರೂ ನಂಬಿದ್ದರು. ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿ ಸಿಕ್ಕು, ಕ್ರಾಯ್ಡನ್‌ನಲ್ಲಿ ರಂಗಕ್ಕೆ ಬಂದಾಗ 2012 ಆಗಿತ್ತು.

ನಮ್ಮ ಪ್ರಕರಣದ ಕಾಯರ್‌ನಲ್ಲಿ ಸುಮಾರು 70 ಜನ: ಸೊಪ್ರಾನೊ (ಹೆಂಗಸರ ಮೇಲ್ದನಿ) 26, ಆಲ್ಟೊ (ಹೆಂಗಸರ ಕೆಳದನಿ) 24, ಟೆನರ್ (ಗಂಡಸರ ಮೇಲ್ದನಿ) 8, ಬಾಸ್ (ಗಂಡಸರ ಕೆಳದನಿ) 12. ಮಂಗಳೂರು, ಬೆಂಗಳೂರಿನ ಚರ್ಚುಗಳಲ್ಲಿ ನಾಲ್ಕು ದನಿಯಲ್ಲಿ ಹಾಡಿದವರಿಗೆ ಈ ಟೆನರ್ ಬರ ಹೊಸದೇನಲ್ಲ. ವಾರಕ್ಕೊಂದು ಸಂಜೆ ಎರಡು ಗಂಟೆ ತಾಲೀಮು, ವರ್ಷಕ್ಕೆ ಮೂರು ಕಛೇರಿ. ಅದರಲ್ಲಿ ಒಂದಕ್ಕೆ ಮಾತ್ರ ಸಂಬಳ ಕೊಟ್ಟು ಆರ್ಕೆಸ್ಟ್ರಾ ಕರೆಸುವಷ್ಟು ಹಣ.

ಆಯ್ಕೆ ಎಂಬ ಮೊದಲ ತೊಡಕು

ಸಮಿತಿಯ ಮೊದಲ ಸಭೆಯಲ್ಲಿ ಬಂದ ಸಲಹೆ ಹಯಾವಾಥಾ. ಬಾಡಿಗೆಗೆ ಪ್ರತಿಗಳು ಸುಲಭವಾಗಿ ಸಿಗುತ್ತವೆ, ರೆಕಾರ್ಡಿಂಗ್ ಇದೆ, ಹಿರಿಯ ಸದಸ್ಯರಲ್ಲಿ ಕೆಲವರು ಹಾಡಿದ್ದರು ಕೂಡ. ಸಂಗೀತ ನಿರ್ದೇಶಕಿ ಒಪ್ಪಲಿಲ್ಲ. ಮರೆತದ್ದನ್ನು ಎತ್ತುತ್ತೇವೆ ಎಂದು ಹೊರಟು ಇದ್ದುದರಲ್ಲಿ ನೆನಪಿರುವುದನ್ನೇ ಹಾಡುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದ. ಅದರ ಸಾಹಿತ್ಯ ಬರೆದ ಕವಿ ಲಾಂಗ್‌ಫೆಲೋ ಅಮೆರಿಕದ ಮೂಲನಿವಾಸಿಗಳನ್ನು ಚಿತ್ರಿಸಿದ ಬಗೆಯನ್ನು ಇಂದು ಕೇಳುಗರಿಗೆ ವಿವರಿಸಿ ಹೇಳಬೇಕಾಗುತ್ತದೆ ಎಂಬುದೂ ಒಂದು ಕಾರಣ.

ಎರಡನೆಯ ಸಲಹೆ 'ಎ ಟೇಲ್ ಆಫ್ ಓಲ್ಡ್ ಜಪಾನ್'. ಇಲ್ಲಿ ಎಡವಿದ್ದು ಹಕ್ಕುಸ್ವಾಮ್ಯದಲ್ಲಿ, ಅದೂ ಯಾರೂ ನೋಡದ ಕಡೆ. ಸಂಗೀತಗಾರ ತೀರಿಕೊಂಡು ನೂರು ವರ್ಷ ದಾಟಿದೆ, ಸ್ವರ ಮುಕ್ತ. ಆದರೆ ಸಾಹಿತ್ಯ ಆಲ್ಫ್ರೆಡ್ ನೋಯ್ಸ್ ಅವರದು. ಅವರು ತೀರಿಕೊಂಡದ್ದು 1958ರಲ್ಲಿ. ಬ್ರಿಟನ್ನಿನ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ವರ್ಷದ ಕೊನೆಯಿಂದ 70 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2028ರ ಕೊನೆಯವರೆಗೆ. ಹಾಡಲು ಅನುಮತಿ ಸಿಗುವುದೇನೋ ನಿಜ. ಕಾರ್ಯಕ್ರಮ ಪತ್ರದಲ್ಲಿ ಸಾಹಿತ್ಯ ಅಚ್ಚು ಹಾಕಲು, ಹೊಸ ಪ್ರತಿ ಟೈಪ್ ಮಾಡಲು, ಆ ಪ್ರತಿಯನ್ನು ಬೇರೆಯವರಿಗೆ ಕೊಡಲು ಪ್ರತಿಯೊಂದಕ್ಕೂ ಕೇಳಬೇಕು. ಹೊಸ ಪ್ರತಿ ಮಾಡಿ ಹಂಚುವುದೇ ಗುರಿಯಾಗಿದ್ದವರಿಗೆ ಇದು ಕಾಲಿಗೆ ಹಗ್ಗ.

ಇಲ್ಲಿ ಮಾಡಿದ ಒಂದು ಕೆಲಸ ಎಲ್ಲ ಕಾಯರ್‌ಗಳಿಗೂ ಉಪಯೋಗಕ್ಕೆ ಬರುವಂಥದ್ದು. ಪ್ರತಿ ಕೃತಿಗೂ ನಾಲ್ಕು ಸಾಲಿನ ಪಟ್ಟಿ: ಸ್ವರ ಬರೆದವರು ತೀರಿಕೊಂಡ ವರ್ಷ, ಸಾಹಿತ್ಯ ಬರೆದವರು ತೀರಿಕೊಂಡ ವರ್ಷ, ಅನುವಾದಕರಿದ್ದರೆ ಅವರದು, ಮತ್ತು ಕೈಯಲ್ಲಿರುವ ಮುದ್ರಣ ಯಾವ ವರ್ಷದ್ದು. ಕೊನೆಯದು ಏಕೆಂದರೆ ಬ್ರಿಟನ್ನಿನಲ್ಲಿ ಪುಟ ಜೋಡಣೆಗೇ 25 ವರ್ಷದ ಬೇರೆ ಹಕ್ಕಿದೆ. ಹಳೆಯ ಕೃತಿಯ ಹೊಸ ಮುದ್ರಣವನ್ನು ಜೆರಾಕ್ಸ್ ಮಾಡುವಂತಿಲ್ಲ, ಹಳೆಯ ಮುದ್ರಣವನ್ನು ಮಾಡಬಹುದು. ಸಂಗೀತಗಾರ ಬದುಕಿದ್ದಾಗ ಪ್ರಕಟವೂ ಆಗದ, ಜನರೆದುರು ಹಾಡಿಯೂ ಇರದ ಕೃತಿಯಾದರೆ ಲೆಕ್ಕವೇ ಬೇರೆ: ಅಂಥ ಹಲವು ಹಸ್ತಪ್ರತಿಗಳ ಹಕ್ಕು ಬ್ರಿಟನ್ನಿನಲ್ಲಿ 2039ರ ಕೊನೆಯವರೆಗೆ ಉಳಿದಿದೆ.

ಈ ಪಟ್ಟಿಯ ಜರಡಿಯಲ್ಲಿ ಉಳಿದದ್ದು 1900ರ ದಶಕದ ಒಂದು ಕಾಂಟಾಟಾ. 28 ನಿಮಿಷ, ಒಬ್ಬ ಮೆಝೊ (ಹೆಂಗಸರ ನಡುದನಿ) ಗಾಯಕಿ, ಕಾಯರ್, ದೊಡ್ಡ ಆರ್ಕೆಸ್ಟ್ರಾ. ಸಾಹಿತ್ಯ ಬರೆದ ಕವಿ ಸಂಗೀತಗಾರನಿಗಿಂತ ಮೊದಲೇ ತೀರಿಕೊಂಡವರು.

ಕೈಗೆ ಸಿಕ್ಕಿದ್ದೇನು

ವೋಕಲ್ ಸ್ಕೋರ್, ಅಂದರೆ ಹಾಡುವವರ ನಾಲ್ಕು ಸಾಲು ಮತ್ತು ಆರ್ಕೆಸ್ಟ್ರಾವನ್ನು ಪಿಯಾನೊಗೆ ಇಳಿಸಿದ ಪುಸ್ತಕ, ಸಿಗುವುದು ಕಷ್ಟವಾಗಲಿಲ್ಲ. ಎರಡು ಜಿಲ್ಲಾ ಗ್ರಂಥಾಲಯಗಳಲ್ಲಿ ಒಟ್ಟು 65 ಪ್ರತಿ. ಪುಟ ಸಂಖ್ಯೆ ಎರಡರಲ್ಲೂ ಒಂದೇ, ಒಳಗೆ ಮಾತ್ರ ವ್ಯತ್ಯಾಸ: ಒಂದು ಮೊದಲ ಮುದ್ರಣ, ಇನ್ನೊಂದು ನಂತರ ತಿದ್ದಿದ್ದು. ಹೊರಗೆ ಒಂದೇ ಥರ ಕಾಣುವ ಹಳೆಯ ಪ್ರತಿಗಳಲ್ಲಿ ಇದು ಆಗಾಗ ಇರುವ ಬಲೆ. ಮೂರನೇ ತಾಲೀಮಿನಲ್ಲಿ ಆಲ್ಟೊಗಳಲ್ಲಿ ಅರ್ಧ ಜನ ಎಫ್ ನ್ಯಾಚುರಲ್, ಇನ್ನರ್ಧ ಅದಕ್ಕಿಂತ ಅರ್ಧ ಸ್ವರ ಮೇಲಿನ ಎಫ್ ಶಾರ್ಪ್ ಹಾಡಿದಾಗಲೇ ಅದು ಬಯಲಾಯಿತು. ಮೊದಲು ಎಲ್ಲರೂ ಪರಸ್ಪರ ದೂರಿಕೊಂಡರು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಯಾವ ಪ್ರತಿಯಲ್ಲೂ ಬಾರ್ (ಸ್ವರಲಿಪಿಯಲ್ಲಿ ಗೆರೆ ಹಾಕಿ ಬಿಡಿಸಿದ ತಾಳದ ತುಂಡು) ಸಂಖ್ಯೆ ಇರಲಿಲ್ಲ, ಅಲ್ಲಲ್ಲಿ ಎ, ಬಿ, ಸಿ ಎಂಬ ತಾಲೀಮು ಅಕ್ಷರಗಳು ಮಾತ್ರ. ಆರ್ಕೆಸ್ಟ್ರಾ ಪಾರ್ಟ್‌ಗಳಲ್ಲಿ, ಅಂದರೆ ಒಂದೊಂದು ವಾದ್ಯದ ಸಾಲು ಮಾತ್ರ ಇರುವ ಪ್ರತಿಗಳಲ್ಲಿ, ಆ ಅಕ್ಷರಗಳು ಬೇರೆ ಜಾಗದಲ್ಲಿದ್ದವು. ಹೀಗಿದ್ದಾಗ ತಾಲೀಮಿನಲ್ಲಿ 'ಎಚ್‌ನಿಂದ ಏಳು ಬಾರ್ ಹಿಂದೆ' ಎಂದು ಕಂಡಕ್ಟರ್ ಹೇಳಿದರೆ ಹಾಡುವವರು ಒಂದು ಕಡೆ, ನುಡಿಸುವವರು ಇನ್ನೊಂದು ಕಡೆ ಶುರು ಮಾಡುತ್ತಾರೆ. ಪರಿಹಾರ ಹಳೆಯದೇ: ಪೂರ್ತಿ 612 ಬಾರ್‌ಗೆ ಒಂದು ಲೆಕ್ಕ ಹಾಕಿ, ಪ್ರತಿ ಸಾಲಿನ ತಲೆಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಸಂಖ್ಯೆ ಬರೆಯುವುದು. ಮೊದಲಿಗೇ ಎರಡು ನಿಯಮ ಹೇಳಿಬಿಡಬೇಕು. ಶುರುವಿನ ಅರೆಬಾರ್ ಲೆಕ್ಕಕ್ಕಿಲ್ಲ. ಒಂದು ಬಾರ್ ಎರಡು ಸಾಲಿಗೆ ಹರಿದಿದ್ದರೆ ಅದು ಒಂದೇ. ಇದನ್ನು ಹೇಳದೆ ಹಂಚಿದ ಮೊದಲ ಹತ್ತು ಪ್ರತಿಗಳನ್ನು ಅಳಿಸಿ ಮತ್ತೆ ಬರೆಯಬೇಕಾಯಿತು.

ಫುಲ್ ಸ್ಕೋರ್ (ಎಲ್ಲ ದನಿ, ವಾದ್ಯಗಳ ಸಾಲು ಒಟ್ಟಿಗಿರುವ ಪುಸ್ತಕ) ಮತ್ತು ಪಾರ್ಟ್‌ಗಳು ಬಂದದ್ದು ಬಾಡಿಗೆಗೆ ಕೊಡುವ ಒಂದು ಸಂಗ್ರಹದಿಂದ. ಫುಲ್ ಸ್ಕೋರ್ ಯಾರೋ ನಕಲುಗಾರ ಕೈಯಲ್ಲಿ ಬರೆದದ್ದು. ಪಾರ್ಟ್‌ಗಳಲ್ಲಿ ಎರಡನೇ ಬಸೂನ್ ಮತ್ತು ಹಾರ್ಪ್ ಇರಲೇ ಇಲ್ಲ. ಉಳಿದವುಗಳಲ್ಲಿ ದಪ್ಪ ನೀಲಿ ಪೆನ್ಸಿಲ್ ಗೆರೆಗಳು, ಅಂಟಿಸಿದ ಕಾಗದದ ಪಟ್ಟಿಗಳು, ನಡುವೆ 44 ಬಾರ್ ಪೂರ್ತಿ ಹಾರಿಸಿರುವ ಗುರುತು.

ಆ 44 ಬಾರ್‌ಗಳ ಬಗ್ಗೆ ತೆಗೆದುಕೊಂಡ ನಿರ್ಧಾರ ಈ ಪ್ರಕರಣದ ಮೊದಲ ತಿರುವು. ಕಡಿತ ಮಾಡಿದವರು ಸಂಗೀತಗಾರರೇ ಆಗಿದ್ದರೆ ಅದನ್ನು ಗೌರವಿಸಬೇಕು. ಯಾವುದೋ ಕಾಲದ ಕಂಡಕ್ಟರ್ ಸಮಯ ಉಳಿಸಲು ಮಾಡಿದ್ದಾದರೆ ಬೇಡ. ತಂಡದ ಒಬ್ಬರು ಸಂಗೀತಗಾರರ ಸ್ವಂತ ಕೈಬರಹದ ಪ್ರತಿಯನ್ನು ಗ್ರಂಥಾಲಯದಲ್ಲಿ ಕೂತು ಬಾರ್ ಬಾರ್ ಹೋಲಿಸಿದರು. ಅದರಲ್ಲಿ ಆ ಜಾಗದಲ್ಲಿ ಒಂದು ಗೀರೂ ಇಲ್ಲ. ಮೇಲಾಗಿ, ಹಾರಿಸಿದರೆ ಕೊನೆಯ ಭಾಗದಲ್ಲಿ ಮರಳಿ ಬರುವ ರಾಗದ ಎಳೆ ಮೊದಲು ಎಲ್ಲೂ ಕೇಳಿರುವುದೇ ಇಲ್ಲ, ದಿಢೀರನೆ ಬಂದಂತಾಗುತ್ತದೆ. 'ರಚನೆ ಸಡಿಲ' ಎಂಬ ಹಳೆಯ ಆಕ್ಷೇಪಕ್ಕೆ ಅರ್ಧ ಕಾರಣ ಈ ನೀಲಿ ಪೆನ್ಸಿಲ್ಲೇ ಇರಬೇಕು. 44 ಬಾರ್‌ಗಳನ್ನೂ ಮರಳಿ ಸೇರಿಸಿದರು.

ಆರ್ಗನ್‌ನಲ್ಲಿ ಆಗದೇ?

ದುಡ್ಡಿನ ಲೆಕ್ಕ ಬಂದಾಗ ಖಜಾಂಚಿ ಕೇಳಿದ್ದು ಸಹಜವಾದ ಪ್ರಶ್ನೆ: ಚರ್ಚಿನಲ್ಲಿ ಒಳ್ಳೆಯ ಆರ್ಗನ್ ಇದೆ, 41 ಜನ ವಾದಕರಿಗೆ ಕೊಡುವ ಬದಲು ಒಬ್ಬರಿಗೆ ಕೊಟ್ಟರಾಗದೇ? ಪರೀಕ್ಷೆಗೆಂದು ಒಂದು ಸಣ್ಣ ಸಭೆಯಲ್ಲಿ, ಆಹ್ವಾನಿತರ ಮುಂದೆ, ಮೊದಲ ಹತ್ತು ನಿಮಿಷದ ಭಾಗವನ್ನು ಆರ್ಗನ್ ಜೊತೆ ಹಾಡಿ ನೋಡಿದರು.

ಚೆನ್ನಾಗಿ ಹಾಡಿದರು, ಚೆನ್ನಾಗಿಯೇ ನುಡಿಸಿದರು. ಕೇಳಿದವರ ಮಾತು ಮಾತ್ರ ಒಂದೇ: ಹಿತವಾಗಿದೆ, ಎಳೆದಂತಿದೆ. ಏಕೆ ಹಾಗಾಯಿತೆಂದು ಫುಲ್ ಸ್ಕೋರ್ ತೆರೆದರೆ ಕಾಣುತ್ತಿತ್ತು. ಹಾಡುವವರು ಉದ್ದ ಸ್ವರ ಹಿಡಿದು ನಿಂತಿರುವ ಕಡೆಯೆಲ್ಲ ಕೆಳಗೆ ವಯೋಲಾ ಮತ್ತು ಎರಡನೇ ಪಿಟೀಲುಗಳು ಚಡಪಡಿಸುತ್ತಿವೆ, ಹಾರ್ನ್‌ಗಳು ತಾಳ ತಪ್ಪಿಸಿ ಒತ್ತುತ್ತಿವೆ. ಪಿಯಾನೊ ಇಳಿಕೆಯಲ್ಲಿ ಅದೆಲ್ಲ 'ಟ್ರೆಮೊಲೊ' (ಸ್ವರವನ್ನು ನಡುಗಿಸಿ ನುಡಿಸು) ಎಂಬ ಒಂದೇ ಗುರುತಾಗಿದೆ. ಆರ್ಗನ್‌ನಲ್ಲಿ ಅದೂ ಇಲ್ಲದೆ ಮಟ್ಟಸವಾದ ಸ್ವರಗುಚ್ಛ ಉಳಿಯುತ್ತದೆ. ಈ ಸಂಗೀತಗಾರ ಪಿಟೀಲುಗಾರ. ಚಲನೆಯನ್ನು ಇಟ್ಟದ್ದು ತಂತಿಗಳಲ್ಲಿ.

ಎರಡನೇ ತಿರುವು ಇದು. ಯಾರಿಗೂ ಗೊತ್ತಿಲ್ಲದ ಕೃತಿಯನ್ನು ಸೋವಿಯಲ್ಲಿ ಮಾಡುವುದು ಎಲ್ಲರಿಗೂ ಗೊತ್ತಿರುವುದನ್ನು ಸೋವಿಯಲ್ಲಿ ಮಾಡಿದಂತಲ್ಲ. ಹ್ಯಾಂಡೆಲ್‌ನ ಮೆಸ್ಸಾಯ ಆರ್ಗನ್‌ನಲ್ಲಿ ಸೊರಗಿ ಕೇಳಿದರೆ ಜನ ಆರ್ಗನ್ನನ್ನು ದೂರುತ್ತಾರೆ. ಹೊಸದು ಸೊರಗಿ ಕೇಳಿದರೆ ಕೃತಿಯನ್ನೇ ದೂರುತ್ತಾರೆ, 'ಸುಮ್ಮನೆ ಮರೆತಿರಲಿಲ್ಲ' ಎನ್ನುತ್ತಾರೆ. ಸಮಿತಿ ಆ ವರ್ಷದ ಮೂರನೇ ಕಛೇರಿಯನ್ನು ಕೈಬಿಟ್ಟು, ಅದರ ಹಣವನ್ನೂ ಇದಕ್ಕೇ ಹಾಕಿತು.

ಜೊತೆಗೆ ಏನು ಹಾಡಬೇಕೆಂಬುದನ್ನು ವಾದ್ಯಗಳ ಪಟ್ಟಿ ನೋಡಿ ನಿರ್ಧರಿಸಿದರು. ಮೊದಲು ಯೋಚಿಸಿದ್ದು ದ್ವೋರಾಕ್‌ನ 'ಟೆ ಡೇಯುಮ್'. ಕೋಲ್ರಿಜ್-ಟೇಲರ್ ಅವರಿಗೆ ದ್ವೋರಾಕ್ ಎಂದರೆ ಪ್ರಾಣ, ಸ್ವರದ ನಂಟು ಕಿವಿಗೇ ತಿಳಿಯುತ್ತದೆ. ಆದರೆ ಅದಕ್ಕೆ ಇನ್ನಿಬ್ಬರು ಏಕವ್ಯಕ್ತಿ ಗಾಯಕರು ಬೇಕು. ಕೊನೆಗೆ ಏಕವ್ಯಕ್ತಿ ಗಾಯಕರೇ ಬೇಡದ, ಕಾಯರ್ ಮಾತ್ರ ಹಾಡುವ ಬ್ರಾಮ್ಸ್‌ನ 'ಶಿಕ್‌ಸಾಲ್ಸ್‌ಲೀಡ್', ನಡುವೆ ತಂತಿವಾದ್ಯಗಳಿಗಷ್ಟೇ ಬರೆದ ಎಲ್ಗರ್‌ನ 'ಸೆರೆನೇಡ್', ವಿರಾಮದ ನಂತರ ಕಾಂಟಾಟಾ ಎಂದಾಯಿತು. ಗೊತ್ತಿಲ್ಲದ್ದನ್ನು ಮೊದಲು ಮುಗಿಸಿ ಗೊತ್ತಿರುವುದರಿಂದ ಕೊನೆಗೊಳಿಸುವುದು ರೂಢಿ. ಹಾಗೆ ಮಾಡಿದರೆ ಹೊಸದು ಊಟಕ್ಕೆ ಮೊದಲಿನ ಔಷಧಿಯಂತಾಗುತ್ತದೆ. ಅದನ್ನು ತಿರುವಿ ಹಾಕಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ.

ಪಾರ್ಟ್‌ಗಳ ಕೆಲಸ

ಹಳೆಯ ಕೈಬರಹದ ಪಾರ್ಟ್‌ಗಳಲ್ಲೇ ನುಡಿಸಬಹುದಿತ್ತು. ವೃತ್ತಿಪರ ವಾದಕರು ಇದಕ್ಕಿಂತ ಕೆಟ್ಟದ್ದನ್ನೂ ಓದುತ್ತಾರೆ. ಆದರೆ ಇಂಥ ಕಛೇರಿಗಳಲ್ಲಿ ಆರ್ಕೆಸ್ಟ್ರಾ ಬರುವುದು ಅದೇ ದಿನ. ಮಧ್ಯಾಹ್ನ ಮೂರು ತಾಸಿನ ತಾಲೀಮು, ಸಂಜೆ ಕಛೇರಿ. ವಿರಾಮ ಕಳೆದು, ಬ್ರಾಮ್ಸ್, ಎಲ್ಗರ್ ಕಳೆದು ಕಾಂಟಾಟಾಗೆ ಉಳಿಯುವುದು ಹೆಚ್ಚೆಂದರೆ 85 ನಿಮಿಷ. ಪಾರ್ಟ್‌ನಲ್ಲಿ ಒಂದು ತಪ್ಪು ಸಿಕ್ಕರೆ ನಿಲ್ಲಿಸಿ, ಸ್ಕೋರ್ ನೋಡಿ, ಹೇಳಿ, ಬರೆಸಿ, ಮತ್ತೆ ಶುರು ಮಾಡಲು ಎರಡು ನಿಮಿಷ. ಮೂವತ್ತು ತಪ್ಪಿದ್ದರೆ ಒಂದು ಗಂಟೆ ಹೋಯಿತು.

ಹಾಗಾಗಿ ಕಂಪ್ಯೂಟರಿನಲ್ಲಿ ಹೊಸದಾಗಿ ಕೂರಿಸಲು ನಿರ್ಧರಿಸಿದರು. ನಾಲ್ವರು ಸ್ವಯಂಸೇವಕರು, ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ತಂತ್ರಾಂಶ. ಬಾಡಿಗೆ ಸಂಗ್ರಹದವರಿಂದ ಇದಕ್ಕೆ ಮೊದಲೇ ಲಿಖಿತ ಒಪ್ಪಿಗೆ ಪಡೆದರು. ಕೃತಿ ಮುಕ್ತವಾಗಿದ್ದರೂ ಬಾಡಿಗೆ ಕರಾರಿನಲ್ಲಿ 'ನಕಲು ಮಾಡಬಾರದು' ಎಂಬ ಷರತ್ತು ಇರುವುದುಂಟು. ಕೆಲಸವನ್ನು ವಾದ್ಯದ ಪ್ರಕಾರ ಹಂಚದೆ ಬಾರ್‌ಗಳ ಪ್ರಕಾರ ಹಂಚಿದ್ದು ಜಾಣತನ: ಒಬ್ಬೊಬ್ಬರಿಗೆ ಸುಮಾರು 150 ಬಾರ್, ಎಲ್ಲ ವಾದ್ಯಗಳೂ. ಒಂದೇ ವಾದ್ಯದ ಸಾಲನ್ನು ಕೂರಿಸುವವರಿಗೆ ಪಕ್ಕದ ವಾದ್ಯದೊಂದಿಗೆ ತಾಳೆಯಾಗದ ಸ್ವರ ಕಣ್ಣಿಗೆ ಬೀಳುವುದಿಲ್ಲ. ಮೇಲಿಂದ ಕೆಳಗೆ ಕೂರಿಸುವವರಿಗೆ ಬೀಳುತ್ತದೆ. ತಿದ್ದುವವರು ಮಾತ್ರ ಉಲ್ಟಾ ಹೋಗಬೇಕು, ಒಂದೊಂದೇ ವಾದ್ಯ ಹಿಡಿದು ಮೊದಲಿಂದ ಕೊನೆಯವರೆಗೆ.

ತಪ್ಪುಗಳು ಎಲ್ಲಿ ಕೂತಿರುತ್ತವೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. ಕ್ಲಾರಿನೆಟ್ ವಾದಕರ ಬಳಿ 'ಎ' ಮತ್ತು 'ಬಿ ಫ್ಲ್ಯಾಟ್' ಎರಡು ವಾದ್ಯ ಇರುತ್ತವೆ. ಯಾವಾಗ ಬದಲಿಸಬೇಕೆಂದು ಸ್ಕೋರ್‌ನಲ್ಲಿ ಒಂದು ಪುಟ್ಟ ಸೂಚನೆ. ಪುಟದ ಮೂಲೆಯಲ್ಲಿದ್ದ ಆ ಸೂಚನೆ ತಪ್ಪಿಹೋಗಿ ಹದಿನೆಂಟು ಬಾರ್ ಅರ್ಧ ಸ್ವರ ಮೇಲೆ ಕೂತಿತ್ತು. ಹಾರ್ನ್‌ಗಳದ್ದು ಇನ್ನೂ ಸೂಕ್ಷ್ಮ. ಆ ಕಾಲದ ರೂಢಿಯಲ್ಲಿ ಎಫ್ ಹಾರ್ನ್‌ಗೆ ಬಾಸ್ ಕ್ಲೆಫ್‌ನಲ್ಲಿ (ಕೆಳಗಿನ ಸ್ವರಗಳಿಗೆ ಸಾಲಿನ ಶುರುವಿನಲ್ಲಿ ಹಾಕುವ ಗುರುತು) ಬರೆದರೆ ಕೇಳಿಸುವುದು ಬರೆದದ್ದಕ್ಕಿಂತ ನಾಲ್ಕನೇ ಸ್ವರ ಮೇಲೆ. ಇಂದಿನ ರೂಢಿಯಲ್ಲಿ ಐದನೇ ಸ್ವರ ಕೆಳಗೆ. ಇದು ತಿಳಿಯದೆ ಇದ್ದ ಹಾಗೆ ಕೂರಿಸಿದರೆ ಒಂದು ಪೂರ್ತಿ ಸ್ಥಾಯಿ ಕೆಳಕ್ಕಿಳಿಯುತ್ತದೆ. ತಂತ್ರಾಂಶ ಅದನ್ನು ಸಲೀಸಾಗಿ ನುಡಿಸಿ ತೋರಿಸುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಅನುಮಾನ ಬಂದದ್ದು ಮನುಷ್ಯರು ನುಡಿಸಿದಾಗ. ಕಛೇರಿಗೆ ಆರು ವಾರ ಮುಂಚೆ ಹತ್ತಿರದ ಒಂದು ಯುವ ಆರ್ಕೆಸ್ಟ್ರಾವನ್ನು ಕೇಳಿಕೊಂಡು, ಒಂದು ಶನಿವಾರ ಬೆಳಗ್ಗೆ ಹೊಸ ಪಾರ್ಟ್‌ಗಳನ್ನು ಓದಿಸಿದರು. ನಾಲ್ಕನೇ ಹಾರ್ನ್ ಹಿಡಿದಿದ್ದ ಹುಡುಗಿ ಕೈ ಎತ್ತಿ ಹೇಳಿದಳು: "ಈ ಸ್ವರ ನನ್ನ ಹಾರ್ನ್‌ನಲ್ಲಿ ಇಲ್ಲವೇ ಇಲ್ಲ." ಆ ಒಂದು ಮಾತಿನಿಂದ ಹಾರ್ನ್ ಪಾರ್ಟ್‌ಗಳ ಇಡೀ ಬಾಸ್ ಕ್ಲೆಫ್ ಭಾಗ ತಿದ್ದುಪಡಿಯಾಯಿತು. ಅಂದು ಒಟ್ಟು 61 ತಪ್ಪು ಸಿಕ್ಕವು. ಮಕ್ಕಳಿಗೆ ಊಟ, ಬಸ್ಸಿನ ಖರ್ಚು ಬಿಟ್ಟರೆ ಬೇರೇನೂ ಆಗಲಿಲ್ಲ. ಈ ಪ್ರಕರಣದಲ್ಲಿ ಹಾಕಿದ ಹಣದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಊಟದ ಬಿಲ್ಲು.

ಪುಟ ತಿರುವುವ ಜಾಗವನ್ನು ಕೈಯಾರೆ ಸರಿಮಾಡಬೇಕು, ತಂತ್ರಾಂಶಕ್ಕೆ ಬಿಡಬಾರದು. ಪ್ರತಿ ಬಲಪುಟದ ಕೊನೆಯಲ್ಲಿ ಎರಡು ಬಾರ್‌ನಷ್ಟಾದರೂ ಮೌನ ಬರುವಂತೆ ಜೋಡಿಸಿದರು. 40 ಬಾರ್‌ಗಿಂತ ಹೆಚ್ಚು ಸುಮ್ಮನಿರುವ ವಾದ್ಯಗಳಿಗೆ, ಮತ್ತೆ ಶುರುವಾಗುವ ಮುನ್ನ ಕಾಯರ್‌ನ ಸಾಲನ್ನು ಸಣ್ಣಕ್ಷರದಲ್ಲಿ ಕೊಟ್ಟರು, ಪದಗಳ ಸಮೇತ.

ಹಾಡುವವರ ಪಾಡು

ಕೇಳಿ ಕಲಿಯಲು ರೆಕಾರ್ಡಿಂಗ್ ಇಲ್ಲದ ಕೃತಿ. ಹವ್ಯಾಸಿ ಗಾಯಕರು ಇಂದು ಎಷ್ಟರಮಟ್ಟಿಗೆ ಯೂಟ್ಯೂಬ್ ನೆಚ್ಚಿಕೊಂಡಿದ್ದಾರೆಂಬುದು ಅದು ಇಲ್ಲದಾಗಲೇ ತಿಳಿಯುವುದು. ನಾಲ್ಕನೇ ವಾರಕ್ಕೆ ಹಾಜರಾತಿ 50ಕ್ಕೆ ಇಳಿಯಿತು. 'ಎಲ್ಲಿಗೆ ಹೋಗುತ್ತಿದೆ ಅಂತಲೇ ಗೊತ್ತಾಗುವುದಿಲ್ಲ' ಎಂಬುದು ಸಾಮಾನ್ಯ ದೂರು. ಅದರಲ್ಲಿ ಹುರುಳಿತ್ತು: ನಿರ್ದೇಶಕಿ ಮೊದಲ ಪುಟದಿಂದ ಒಂದೊಂದೇ ಪುಟ ಕಲಿಸುತ್ತ ಬಂದಿದ್ದರು, ಮಹಾಪ್ರವಾಹದಂಥ ಕೊನೆಯ ಭಾಗ ಹೇಗಿದೆಯೆಂದು ಯಾರೂ ಕೇಳಿರಲಿಲ್ಲ. ಐದನೇ ವಾರ ಅವರು ಕೊನೆಯ 90 ಬಾರ್‌ಗಳನ್ನು ಮೊದಲು ಕಲಿಸಿದರು, ಅಲ್ಲಿಂದ ಹಿಂದಕ್ಕೆ ಬಂದರು. ಪ್ರತಿ ದನಿಗೂ ಬೇರೆ ಬೇರೆ ಅಭ್ಯಾಸದ ಆಡಿಯೋ ಕೊಟ್ಟರು: ತಮ್ಮ ಸಾಲು ಜೋರಾಗಿ, ಉಳಿದವು ಮೆಲ್ಲಗೆ, ನಿಜವಾದ ವೇಗದ ಮುಕ್ಕಾಲು ಭಾಗದಲ್ಲಿ. ಪಾರ್ಟ್‌ಗಳನ್ನು ಕೂರಿಸಿದ್ದ ಫೈಲಿನಿಂದಲೇ ಇದು ಬಂತು, ಬೇರೆ ಶ್ರಮ ಬೇಕಾಗಲಿಲ್ಲ.

ಕಾಯರ್ ಎಂಟು ದನಿಗೆ ಒಡೆಯುವ ಒಂದು ಪುಟದಲ್ಲಿ ಎಂಟು ಟೆನರ್‌ಗಳು ನಾಲ್ಕು-ನಾಲ್ಕಾಗಿ ಕರಗಿಹೋಗುತ್ತಿದ್ದರು. ಕೆಳದನಿಯ ಐವರು ಆಲ್ಟೊಗಳನ್ನು ಮೊದಲ ಟೆನರ್‌ಗೆ, ಮೇಲೆ ಹಾಡಬಲ್ಲ ಮೂವರು ಬಾಸ್‌ಗಳನ್ನು ಎರಡನೇ ಟೆನರ್‌ಗೆ ಸೇರಿಸಿದರು. ವಾದ್ಯವಿಲ್ಲದ 20 ಬಾರ್ ಭಾಗದಲ್ಲಿ ಶ್ರುತಿ ಪ್ರತಿ ಸಲ ಕುಸಿಯುತ್ತಿತ್ತು. ಕಾರಣ ಹುಡುಕಿದರೆ ಸೊಪ್ರಾನೊ ಅಲ್ಲ, ಬಾಸ್: ಇಳಿಯುವ ಅರ್ಧ ಸ್ವರಗಳನ್ನು ದೊಡ್ಡದಾಗಿ ಇಳಿಸುತ್ತಿದ್ದರು. ಬಾಸ್‌ಗಳನ್ನಷ್ಟೇ ನಿಲ್ಲಿಸಿ, ಮುಚ್ಚಿದ ಬಾಯಲ್ಲಿ ಗುನುಗಿಸಿ ಸರಿಪಡಿಸಿದರು.

ಇನ್ನೊಂದು ಅಪಾಯ ಪಿಯಾನೊ ಇಳಿಕೆಯಿಂದ. ತಾಲೀಮಿನಲ್ಲಿ ಸೊಪ್ರಾನೊಗಳು ಒಂದು ಎತ್ತರದ 'ಎ' ಸ್ವರವನ್ನು ಪಿಯಾನಿಸ್ಟ್‌ನ ಬಲಗೈಯಿಂದ ಹಿಡಿಯುತ್ತಿದ್ದರು. ಆರ್ಕೆಸ್ಟ್ರಾದಲ್ಲಿ ಆ ಸ್ವರವೇ ಇಲ್ಲ, ಎರಡು ಬಾರ್ ಮುಂಚೆ ಒಬೊ ಒಂದು ಸಲ ಅದನ್ನು ಮುಟ್ಟಿ ಹೋಗುತ್ತದೆ ಅಷ್ಟೇ. ಇಂಥ ಹನ್ನೊಂದು ಜಾಗಗಳಲ್ಲಿ ನಿಜವಾಗಿ ಕೇಳಿಸುವ ವಾದ್ಯದ ಹೆಸರನ್ನು ಎಲ್ಲರ ಪ್ರತಿಯಲ್ಲೂ ಬರೆಸಿ, ಪಿಯಾನಿಸ್ಟ್‌ಗೆ ಅಷ್ಟನ್ನೇ ನುಡಿಸಲು ಹೇಳಿದರು.

ಯಾರನ್ನು, ಯಾತಕ್ಕೆ ಕರೆಯುವುದು

ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಅದೇ ಊರಿನ ಇನ್ನೊಂದು ತುದಿಯಲ್ಲಿ ನೈಜೀರಿಯಾ ಮತ್ತು ಕೆರಿಬಿಯನ್ ಮೂಲದ ಕುಟುಂಬಗಳ ಒಂದು ಚರ್ಚ್, ಅದಕ್ಕೊಂದು ಗಟ್ಟಿಯಾದ ಕಾಯರ್. ಕಛೇರಿಗೆ ಎರಡು ತಿಂಗಳಿರುವಾಗ ಸಮಿತಿಯವರು ಆ ಕಾಯರ್‌ನ ಮುಖ್ಯಸ್ಥರನ್ನು ಕಂಡು, ಆರಂಭದಲ್ಲಿ ಎರಡು ಸ್ಪಿರಿಚುವಲ್ (ಅಮೆರಿಕದ ಕಪ್ಪು ಜನರ ಭಕ್ತಿಗೀತೆ) ಹಾಡಿಕೊಡಬಹುದೇ ಎಂದು ಕೇಳಿದರು. ಅವರ ಉತ್ತರ: "ನಮ್ಮನ್ನು ಹಾಡುವುದಕ್ಕೆ ಕರೆಯುತ್ತಿದ್ದೀರೋ, ಫೋಟೋಕ್ಕೆ ಕರೆಯುತ್ತಿದ್ದೀರೋ?"

ಆ ಮಾತು ಸಮಿತಿಯಲ್ಲಿ ಕೆಲವರಿಗೆ ಚುಚ್ಚಿತು. ಆದರೆ ಪ್ರಶ್ನೆ ನ್ಯಾಯವಾದದ್ದು: ಕೃತಿಯ ಆಯ್ಕೆ, ದಿನಾಂಕ, ಹಣ ಎಲ್ಲ ತೀರ್ಮಾನವಾದ ಮೇಲೆ ಕರೆದದ್ದು ಅಲಂಕಾರಕ್ಕೇ ಸರಿ. ಎರಡನೇ ಭೇಟಿಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಬಂದು ಕಾಂಟಾಟಾವನ್ನೇ ಹಾಡಿ ಎಂದು ಕೇಳಿದರು. ನಾಲ್ಕು ತಾಲೀಮು ಆ ಚರ್ಚಿನಲ್ಲೇ ಇಟ್ಟುಕೊಂಡರು. ಮುಂದಿನ ವರ್ಷದ ಕೃತಿ ಆರಿಸುವ ಸಮಿತಿಯಲ್ಲಿ ಅವರಿಗೊಂದು ಸ್ಥಾನ ಕೊಟ್ಟರು. ಹದಿನಾಲ್ಕು ಜನ ಬಂದರು, ಅದರಲ್ಲಿ ಐವರು ಟೆನರ್.

ದಿನಾಂಕದ್ದೂ ಒಂದು ಚರ್ಚೆ. ಬ್ರಿಟನ್ನಿನಲ್ಲಿ ಅಕ್ಟೋಬರ್ ತಿಂಗಳು ಬ್ಲ್ಯಾಕ್ ಹಿಸ್ಟರಿ ಮಂತ್. ಆಗ ಇಟ್ಟುಕೊಂಡರೆ ಅನುದಾನ, ಪತ್ರಿಕೆಯ ಗಮನ ಎರಡೂ ಸುಲಭ. ನಿರ್ದೇಶಕಿ ಮಾರ್ಚ್‌ಗೇ ಪಟ್ಟುಹಿಡಿದರು, ಏಕೆಂದರೆ ತಂಡದ ದೊಡ್ಡ ಕಛೇರಿ ಯಾವತ್ತೂ ಮಾರ್ಚ್‌ನಲ್ಲೇ. ಮೊದಲ ಕರಪತ್ರದ ತಲೆಬರಹದಲ್ಲಿ ಸಂಗೀತಗಾರನ ಬಣ್ಣ ಮಾತ್ರ ಇತ್ತು, ಸಂಗೀತದ ಬಗ್ಗೆ ಒಂದು ಸಾಲೂ ಇರಲಿಲ್ಲ. ಎರಡನೇ ಕರಪತ್ರದಲ್ಲಿ ಕಥೆ ಏನು, ಎಷ್ಟು ಜನ ಹಾಡುತ್ತಾರೆ, ಬ್ರಾಮ್ಸ್ ಜೊತೆ ಯಾಕೆ ಎಂಬುದು ಮೇಲೆ ಬಂತು. ಜೀವನ ವಿವರ ಹಿಂಬದಿಗೆ ಹೋಯಿತು.

ಕಛೇರಿ, ಆಮೇಲೆ

ತಾಲೀಮಿನ 85 ನಿಮಿಷದಲ್ಲಿ ಸಿಕ್ಕ ಹೊಸ ತಪ್ಪುಗಳು ನಾಲ್ಕು. ಉಳಿದ ಸಮಯ ಪೂರ್ತಿ ದನಿಯ ಸಮತೋಲನಕ್ಕೆ ಹೋಯಿತು, ಅದು ಬೇಕೂ ಇತ್ತು: ಉತ್ಸವಕ್ಕೆಂದು ನೂರಾರು ಗಾಯಕರಿಗೆ ಬರೆದ ಸಂಗೀತ, ಇಲ್ಲಿ 84 ಜನ, 20 ತಂತಿವಾದ್ಯಕ್ಕೆ ಎದುರಾಗಿ 10 ಹಿತ್ತಾಳೆ ವಾದ್ಯ. ಕಾಯರ್ ಹಾಡುತ್ತಿರುವ ಕಡೆಯೆಲ್ಲ ಟ್ರಂಬೋನ್, ಟ್ರಂಪೆಟ್, ಟ್ಯೂಬಾಗಳ ಗಟ್ಟಿತನವನ್ನು ಒಂದು ಮೆಟ್ಟಿಲು ಇಳಿಸಿ, ಕಾಯರ್ ಮೌನವಾದಾಗ ಮಾತ್ರ ಬರೆದಂತೆ ನುಡಿಸಲು ಹೇಳಿದರು. ಇದನ್ನು ಪಾರ್ಟ್‌ನಲ್ಲೇ ಮೊದಲೇ ಅಚ್ಚು ಹಾಕಿರಲಿಲ್ಲ. ಸಂಗೀತಗಾರ ಬರೆದದ್ದನ್ನು ತಿದ್ದದೆ ಪೆನ್ಸಿಲ್‌ಗೆ ಬಿಟ್ಟದ್ದು ಸರಿಯಾದ ಕ್ರಮ.

ಸಭಾಂಗಣ ಮುಕ್ಕಾಲು ತುಂಬಿತ್ತು. ಎಂದಿನ ಮಾರ್ಚ್ ಕಛೇರಿಗಿಂತ ಕೊಂಚ ಕಡಿಮೆ ಜನ, ಹೊಸ ಮುಖಗಳು ಹೆಚ್ಚು. ಲೆಕ್ಕ ನೋಡಿದರೆ ನಷ್ಟವೇ. ಕೈಬಿಟ್ಟ ಕಛೇರಿಯ ಹಣದಿಂದ ಅದು ಸರಿದೂಗಿತು. ಒಂದು ಕಡೆ ಮಾತ್ರ ಕೈತಪ್ಪಿತು. ರೆಕಾರ್ಡಿಂಗ್ ಮಾಡಲು ವಾದಕರನ್ನು ಗೊತ್ತುಮಾಡುವ ಪತ್ರದಲ್ಲೇ ಒಪ್ಪಿಗೆ ಕೇಳಬೇಕಿತ್ತು, ಅದಕ್ಕೆ ಹೆಚ್ಚುವರಿ ಸಂಭಾವನೆ ಇಡಬೇಕಿತ್ತು. ಅದೇ ದಿನ ಕೇಳಿದಾಗ ತಂಡದ ಕಡತಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿದರು. ಹೀಗಾಗಿ ಮುಂದೆ ಹಾಡುವವರಿಗೆ ಕೇಳಿಸಲು ಇಂದಿಗೂ ಏನೂ ಇಲ್ಲ.

ಇಲ್ಲಿಗೇ ನಿಂತಿದ್ದರೆ ಇದು ಮರುಜೀವ ಎನ್ನಿಸಿಕೊಳ್ಳುತ್ತಿರಲಿಲ್ಲ, ಒಂದು ಸಂಜೆಯ ಸುದ್ದಿಯಾಗುತ್ತಿತ್ತು. ಆಫ್ರಿಕನ್ ಮೂಲದ ಸಂಗೀತಗಾರರ ವೃಂದಗಾನದ ಚರಿತ್ರೆಯಲ್ಲಿ ಮೊದಲ ಕಛೇರಿಗಳಿಗೆ ಕೊರತೆಯಿಲ್ಲ. ಅಮೆರಿಕದ ನಥಾನಿಯಲ್ ಡೆಟ್ ಅವರ 'ದಿ ಆರ್ಡರಿಂಗ್ ಆಫ್ ಮೋಸಸ್' 1937ರಲ್ಲಿ ಸಿನ್ಸಿನಾಟಿಯ ಮೇ ಉತ್ಸವದಲ್ಲಿ ಹಾಡಿದಾಗ ರೇಡಿಯೋದಲ್ಲಿ ನೇರ ಪ್ರಸಾರವಾಗುತ್ತಿತ್ತು, ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ಅದೇ ಉತ್ಸವ ಅದನ್ನು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ಗೆ ಕೊಂಡೊಯ್ದದ್ದು 2014ರಲ್ಲಿ. ಅಲ್ಲಿನದೇ ಸಂಗೀತಗಾರ್ತಿ ಫ್ಲಾರೆನ್ಸ್ ಪ್ರೈಸ್ ಅವರ ಕಟ್ಟುಗಟ್ಟಲೆ ಹಸ್ತಪ್ರತಿಗಳು 2009ರಲ್ಲಿ ಇಲಿನಾಯ್‌ನ ಸೇಂಟ್ ಆ್ಯನ್‌ನ ಪಾಳುಮನೆಯೊಂದರಲ್ಲಿ ಸಿಕ್ಕವು. ಇದಕ್ಕೆ ಎದುರಾಗಿ ಬ್ರೆಜಿಲ್‌ನ ಜೋಸೆ ಮೌರಿಸಿಯೊ ನುನೆಸ್ ಗಾರ್ಸಿಯಾ (1767–1830) ಅವರ ಚರ್ಚ್ ಸಂಗೀತ ಇಂದು ಹಲವು ದೇಶಗಳಲ್ಲಿ ಕೇಳಿಬರುತ್ತದೆ. ಕ್ಲೆಯೋಫೆ ಪೆರ್ಸೊನ್ ಡಿ ಮಾಟೋಸ್ ಎಂಬ ಸಂಶೋಧಕಿ 1970ರಲ್ಲಿ ಕೃತಿಗಳ ಪೂರ್ಣ ಸೂಚಿ ಹೊರತಂದು, ಒಂದೊಂದನ್ನೇ ಹಾಡಲು ಬರುವಂತೆ ಸಂಪಾದಿಸಿದ್ದು ಅದರ ದೊಡ್ಡ ಕಾರಣ.

ನಮ್ಮ ತಂಡ ಕಛೇರಿಯ ಮರುವಾರ ಎಲ್ಲ ಪಾರ್ಟ್‌ಗಳನ್ನು ಸಂಗ್ರಹಿಸಿ, ವಾದಕರು ಪೆನ್ಸಿಲ್‌ನಲ್ಲಿ ಬರೆದದ್ದನ್ನೆಲ್ಲ ನೋಡಿತು. ಕಮಾನು ಎಳೆಯುವ ದಿಕ್ಕಿನ ಗುರುತುಗಳನ್ನು ಮುಂದಿನ ಸಾಲಿನ ಪಿಟೀಲುಗಾರರ ಪ್ರತಿಯಿಂದ ಉಳಿಸಿಕೊಂಡಿತು. ತಿದ್ದಿದ ಪ್ರತಿಗೆ ಒಂದು ಆವೃತ್ತಿ ಸಂಖ್ಯೆ, ಪ್ರತಿ ಪುಟದ ಅಡಿಯಲ್ಲಿ ದಿನಾಂಕ. ಜೊತೆಗೆ ಆರು ಪುಟದ ಒಂದು ಟಿಪ್ಪಣಿ: ವಾದ್ಯಗಳ ಪಟ್ಟಿ, ಅವಧಿ, ಎರಡು ಮುದ್ರಣಗಳ ವ್ಯತ್ಯಾಸ, ತಾಲೀಮು ಅಕ್ಷರ ಮತ್ತು ಬಾರ್ ಸಂಖ್ಯೆಗಳ ಹೊಂದಾಣಿಕೆ ಕೋಷ್ಟಕ, 44 ಬಾರ್‌ಗಳ ವಿಚಾರ, ಟೆನರ್ ಕಡಿಮೆ ಇದ್ದರೆ ಏನು ಮಾಡಬಹುದು, ಕಡಿಮೆ ಹಣವಿದ್ದರೆ ಯಾವ ವಾದ್ಯ ಬಿಡಬಹುದು (ಎರಡನೇ ಬಸೂನ್, ಟ್ಯೂಬಾ) ಮತ್ತು ಯಾವುದನ್ನು ಬಿಡಬಾರದು (ಹಾರ್ಪ್, ವಾದ್ಯವಿಲ್ಲದ ಭಾಗ ಮುಗಿದಾಗ ಶ್ರುತಿ ಕೊಡುವುದು ಅದೇ). ಇಡೀ ಗಂಟನ್ನು ಒಂದು ಗ್ರಂಥಾಲಯಕ್ಕೆ ಕೊಟ್ಟರು, ಬಾಡಿಗೆ ಅಂಚೆ ಖರ್ಚಿನಷ್ಟೇ.

ಮುಂದಿನ ಎರಡು ಹಂಗಾಮುಗಳಲ್ಲಿ ಎರಡು ತಂಡಗಳು ಅದನ್ನು ತರಿಸಿಕೊಂಡವು. ಒಂದು ಓದಿ ನೋಡಿ, ತಮಗೆ ಭಾರವೆಂದು ಹಿಂದಿರುಗಿಸಿತು. ಇನ್ನೊಂದು ಹಾಡಿತು. ಅವರ ತಾಲೀಮಿನಲ್ಲಿ ಮೂರು ತಪ್ಪು ಸಿಕ್ಕವು, ಎರಡು ವಯೋಲಾದಲ್ಲಿ, ಒಂದು ಟಿಂಪನಿಯಲ್ಲಿ ಶ್ರುತಿ ಬದಲಿಸುವ ಜಾಗದಲ್ಲಿ. ಅವನ್ನು ಬರೆದು ಗಂಟಿನ ಜೊತೆಗೇ ಕಳಿಸಿದರು. ಗ್ರಂಥಾಲಯದಲ್ಲಿ ಈಗಿರುವುದು ಆ ಮೂರನ್ನೂ ತಿದ್ದಿದ ಆವೃತ್ತಿ.